ಬಲಗಡೆಯ ಮೂಲೆ

ನಡುರಾತ್ರಿ ಕಳೆದ ಮೇಲೆ ಹಜಾರದ ಕಡೆಯಿಂದ ‘ತಪ್’ ಎಂದು ಸದ್ದಾಯಿತು. ಬೆಕ್ಕು ಅಟ್ಟದಿಂದ ಇಳಿದ ಹಾಗೆ, ಮೆತ್ತಗಿನ ಸದ್ದು. ಸುವರ್ಣಮ್ಮ ಕಣ್ಣು ತೆರೆದು ಕಾದಳು. ಇನ್ನೊಂದು ‘ತಪ್’. ಪಕ್ಕದ ಹಾಸಿಗೆ ಖಾಲಿಯಾಗಿತ್ತು.

ಎದ್ದು ಬಾಗಿಲ ಸಂದಿಯಿಂದ ನೋಡಿದಳು. ಲಾಟೀನಿನ ಬೆಳಕಿನಲ್ಲಿ ಅವಳ ಗಂಡ ಪರಮಶಿವಯ್ಯ ಬನಿಯನ್ನಿನಲ್ಲೇ ನಿಂತು, ಉಣ್ಣೆಯ ಹಳದಿ ಚೆಂಡನ್ನು ಬ್ಯಾಟಿನಿಂದ ಗೋಡೆಗೆ ಹೊಡೆಯುತ್ತಿದ್ದರು. ಸೊಂಟದ ಎತ್ತರದಲ್ಲಿ ಹೊಡೆದ ಚೆಂಡು ನೇರವಾಗಿ ಹೋಗಿ ಗೋಡೆಗೆ ತಾಗುತ್ತಿತ್ತು. ಆಮೇಲೆ ಅವರು ಎಡಗೈಯಿಂದ ಚೆಂಡನ್ನು ಮೇಲಕ್ಕೆ ತೂರಿ ಬಲಗೈ ಎತ್ತಿದರು. ಕೈ ಕಿವಿಯವರೆಗೆ ಹೋಗಿ ಅಲ್ಲಿಯೇ ನಿಂತುಬಿಟ್ಟಿತು. ಚೆಂಡು ತಲೆಯ ಮೇಲಿಂದ ಹಾದು ಮೂಟೆಗಳ ಹಿಂದೆ ಎಲ್ಲೋ ಬಿತ್ತು. ಅದರ ಸದ್ದೇ ಕೇಳಿಸಲಿಲ್ಲ.

ಸುವರ್ಣಮ್ಮ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿಗೆ ಅವರು ಬಂದು, “ಎಚ್ಚರವಾಗಿದೆಯೇನೇ?” ಎಂದರು. ಅವಳು ನಿದ್ದೆಯಲ್ಲಿರುವವರ ಹಾಗೆ ಉಸಿರಾಡಿದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಹೆಂಗಸಿಗೆ ಅಷ್ಟು ಬಂದೇ ಬರುತ್ತದೆ.

ಚನ್ನರಾಯಪಟ್ಟಣದಲ್ಲಿ ಬಾಲ್ ಬ್ಯಾಡ್ಮಿಂಟನ್ ಎಂದರೆ ಪರಮಶಿವಯ್ಯ. ತಮ್ಮ ತೆಂಗಿನಕಾಯಿ ಮಂಡಿಯ ಹಿಂದಿನ ಜಾಗವನ್ನು ಸಮ ಮಾಡಿಸಿ, ಸುಣ್ಣದ ಗೆರೆ ಹಾಕಿಸಿ, ಬಲೆ ಕಟ್ಟಿಸಿ, ಐದು ಜನರ ತಂಡವೊಂದನ್ನು ಮಾಡಿದವರು ಅವರು. ಬಲಗಡೆಯ ಹಿಂದಿನ ಮೂಲೆ ಅವರದು. ಒಂದು ಕಾಲದಲ್ಲಿ ಆ ಮೂಲೆಗೆ ಎತ್ತಿ ಹಾಕಿದ ಚೆಂಡು ಹಾಕಿದವನ ಕಾಲಬುಡಕ್ಕೇ ಬಂದು ಬೀಳುತ್ತಿತ್ತಂತೆ. ಈಗ ಐವತ್ತು ದಾಟಿತ್ತು. ಹೋದ ವರ್ಷ ಮಂಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಭುಜ ಮೊದಲಿನಂತಾಗಲಿಲ್ಲ. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೆಂಡು ತಪ್ಪಿದರೆ ಅವರು ಗಾಳಿಯನ್ನು ಬೈಯುತ್ತಿದ್ದರು. ಗಾಳಿಯಿಲ್ಲದ ದಿನ ಯುದ್ಧವನ್ನು ಬೈಯುತ್ತಿದ್ದರು, ಯುದ್ಧ ಬಂದಮೇಲೆ ಒಳ್ಳೆಯ ಉಣ್ಣೆಯೇ ಬರುತ್ತಿಲ್ಲವೆಂದು. ಜೊತೆಯವರು “ಹೌದಣ್ಣಾ, ಎಂಥಾ ಉಣ್ಣೆ!” ಎಂದು ತಲೆಯಾಡಿಸುತ್ತಿದ್ದರು. ಅದೇ ಉಣ್ಣೆಯಲ್ಲಿ ಅವರೆಲ್ಲ ಚೆನ್ನಾಗಿಯೇ ಆಡುತ್ತಿದ್ದರು.

ವರ್ಷಕ್ಕೊಮ್ಮೆ ನಡೆಯುವ ಹಾಸನದ ಪಂದ್ಯಕ್ಕೆ ತಿಂಗಳಿರುವಾಗ, ಒಂದು ಮಧ್ಯಾಹ್ನ, ಪರಮಶಿವಯ್ಯ ಮಂಡಿಯಲ್ಲಿದ್ದ ಹೊತ್ತು ನೋಡಿಕೊಂಡು ರಂಗಸ್ವಾಮಿ ಮನೆಗೆ ಬಂದ. ಅವನು ಮಿಡ್ಲ್ ಸ್ಕೂಲಿನ ಮೇಷ್ಟ್ರು, ತಂಡದ ಕ್ಯಾಪ್ಟನ್. ಜಗಲಿಯ ಅಂಚಿನಲ್ಲಿ ಕೂತು, ಕೈಯಲ್ಲಿದ್ದ ಕೊಡೆಯನ್ನು ಬಿಚ್ಚುತ್ತ ಮುಚ್ಚುತ್ತ ಇದ್ದ.

“ಅಕ್ಕಾ, ಅಣ್ಣಂಗೆ ಬಿಡಿ ಅಂತ ಹೇಳೋಕೆ ನಾಲಿಗೆ ಬರಲ್ಲ. ಮೈದಾನ ಅವ್ರದು, ಬಲೆ ಅವ್ರದು. ನನ್ಗೆ ಬ್ಯಾಟು ಹಿಡಿಯೋದು ಕಲ್ಸಿದ್ದೂ ಅವ್ರೇ.”

“ಹಾಗಾದ್ರೆ ಆಡ್ಲಿ ಬಿಡಿ ಮೇಷ್ಟ್ರೇ.”

“ಆಡಿದ್ರೆ ಹಾಸನದಲ್ಲಿ ಜನ ನಗ್ತಾರೆ ಅಕ್ಕಾ. ಹೋದ ವರ್ಷ ಹೊಳೇನರಸೀಪುರದೋರು ಮಾಡಿದ್ದು ನಿಮ್ಗೆ ಗೊತ್ತಿಲ್ವಾ? ಅಣ್ಣನ ಮೂಲೆಗೇ ಎತ್ತೆತ್ತಿ ಹಾಕಿದ್ರು. ಸುತ್ತ ನಿಂತಿದ್ದ ಪಡ್ಡೆಗಳು ಪ್ರತಿ ಸಲಾನೂ ‘ಬಂತು ತಾತಾ, ಬಂತು!’ ಅಂತ ಕೂಗೋರು.”

ಸುವರ್ಣಮ್ಮನಿಗೆ ಗೊತ್ತಿರಲಿಲ್ಲ. ಗಾಳಿಯಿಂದ ಸೋತೆವು ಎಂದಷ್ಟೇ ಅವಳಿಗೆ ಹೇಳಿದ್ದರು. ‘ಬಂತು ತಾತಾ’ ಎಂಬ ಕೂಗು ಆ ಕ್ಷಣದಿಂದ ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಪಂದ್ಯದ ಕಪ್ಪು ಯಾರಿಗಾದರೂ ಹೋಗಲಿ, ಇನ್ನೊಂದು ಸಲ ಆ ಕೂಗು ಏಳಬಾರದು.

ತಂಡದವರು ಮೊದಲೇ ಸೇರಿ ಯೋಚಿಸಿದ್ದರು. ಪರಮಶಿವಯ್ಯನವರನ್ನು ಕ್ಲಬ್ಬಿನ ಅಧ್ಯಕ್ಷರನ್ನಾಗಿ ಮಾಡಿ ಕುರ್ಚಿಯಲ್ಲಿ ಕೂರಿಸೋಣವೆಂದರೆ ಅವರು ಆಗಲೇ ಅಧ್ಯಕ್ಷರಾಗಿದ್ದರು. ನಲವತ್ತೈದು ದಾಟಿದವರು ಆಡಬಾರದೆಂದು ನಿಯಮ ಮಾಡೋಣವೆಂದರೆ ಬಟ್ಟೆ ಅಂಗಡಿಯ ರುದ್ರಯ್ಯನಿಗೂ ನಲವತ್ತೇಳು; ಅವನು ಸಭೆಯಿಂದ ಎದ್ದೇ ಹೋದ. ಕೊನೆಗೆ ಉಳಿದದ್ದು ಒಂದೇ ದಾರಿ: ಮೊಸಳೆ ಎಂಬ ಊರಿನ ಬೋರಪ್ಪ. ಮೂಳೆ ಕೂರಿಸುವುದರಲ್ಲಿ ಅವನ ಮಾತೆಂದರೆ ಸುತ್ತಿನ ಊರಿಗೆಲ್ಲ ಕೊನೆಯ ಮಾತು. ಅವನು ಬಂದು ಭುಜ ಮುಟ್ಟಿ, “ಮೂರು ತಿಂಗಳು ಕೈ ಎತ್ತಂಗಿಲ್ಲ” ಎಂದುಬಿಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

“ಅವನಿಗೆ ಹೇಳಿಟ್ಟಿದ್ದೀನಿ ಅಕ್ಕಾ. ಅಣ್ಣಂಗೆ ಮಾತ್ರ ತಿಳೀಬಾರದು.”

ಸುವರ್ಣಮ್ಮನಿಗೆ ಎದೆಯ ಭಾರ ಇಳಿದ ಹಾಗಾಯಿತು. ಬೋರಪ್ಪ ಬರುವ ದಿನ ತಾನೇ ನಿಂತು ಒಬ್ಬಟ್ಟು ಮಾಡಿಸಿದಳು.

ತಂಡದವರೆಲ್ಲ ಹಜಾರದಲ್ಲಿ ಸಾಲಾಗಿ ಕೂತಿದ್ದರು. ಪರಮಶಿವಯ್ಯನವರ ಜಾಗಕ್ಕೆಂದು ಎರಡು ವರ್ಷದಿಂದ ಕಾದಿದ್ದ ಗೌರೀಶಂಕರನೂ, ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದವನು, ಕಂಬಕ್ಕೊರಗಿ ಮುಖವನ್ನು ಆದಷ್ಟು ದುಃಖಕ್ಕೆ ಹೊಂದಿಸಿಕೊಂಡಿದ್ದ. ಬೋರಪ್ಪ ಭುಜವನ್ನು ಒತ್ತಿದ, ತಿರುಗಿಸಿದ, ಎಣ್ಣೆ ಹಚ್ಚಿ ಒಂದು ಸಲ ಜೋರಾಗಿ ಎಳೆದ. ಪರಮಶಿವಯ್ಯ ಕಣ್ಣು ಮುಚ್ಚಿ ಹಲ್ಲು ಕಚ್ಚಿದರು. ಬೋರಪ್ಪ ರಂಗಸ್ವಾಮಿಯನ್ನು ನೋಡಿದ, ಪರಮಶಿವಯ್ಯನವರನ್ನು ನೋಡಿದ, ಟವೆಲಿನಲ್ಲಿ ಕೈ ಒರೆಸಿಕೊಂಡ.

“ಏನಿಲ್ಲ ಬುಡಿ. ಕೀಲು ಕೂತದೆ. ನಾಳೆಯಿಂದ್ಲೇ ಆಡ್ಬೌದು.”

ಗೌರೀಶಂಕರ ಕಂಬ ಬಿಟ್ಟು ನೆಟ್ಟಗಾದ. ಆಮೇಲೆ ರಂಗಸ್ವಾಮಿ, “ಒಳ್ಳೇದಾಯ್ತಲ್ಲ ಅಣ್ಣಾ” ಎಂದ. ಸ್ಮಶಾನದಿಂದ ಬಂದವರು ಕಾಲು ತೊಳೆಯಲು ನೀರು ಕೇಳುವ ದನಿ ಅದು. ಪರಮಶಿವಯ್ಯನವರ ಮುಖವೂ ಬಿಳುಪೇರಿದ್ದನ್ನು ಸುವರ್ಣಮ್ಮ ಕಂಡಳು, ನೋವಿನಿಂದ ಎಂದುಕೊಂಡಳು.

ಹಿತ್ತಲಿನಲ್ಲಿ ಬೋರಪ್ಪನಿಗೆ ಎಲೆ ಹಾಕಿ ಬಡಿಸುತ್ತ, ದನಿ ತಗ್ಗಿಸಿ ಕೇಳಿದಳು: “ಇದೇನು ಬೋರಪ್ಪ, ಮೇಷ್ಟ್ರು ನಿನಗೆ ಹೇಳಿದ್ದೇನು, ನೀನು ಅಂದಿದ್ದೇನು?”

“ನಾನೇನ್ ಮಾಡ್ಲಿ ಏಳಿ ಅವ್ವಾ. ಮೇಷ್ಟ್ರು ಬಂದು ‘ಆಡಂಗಿಲ್ಲ ಅನ್ಬುಡು’ ಅಂದ್ರು. ಸರಿ ಅಂದೆ. ಮಾರ್ನೆ ದಿನ ನಿಮ್ಮೆಜಮಾನ್ರೇ ಗಾಡಿ ಕಟ್ಟುಸ್ಕಂಡ್ ಬಂದ್ಬುಟ್ರು. ‘ಆಡಂಗಿಲ್ಲ ಅನ್ಬುಡಪ್ಪಾ, ನಾನಾಗೇ ಬುಟ್ರೆ ಉಡುಗ್ರು ನೊಂದ್ಕತ್ತಾರೆ’ ಅಂದ್ರು. ಇಬ್ರೂ ‘ಯಾರ್ಗೂ ಏಳ್ಬ್ಯಾಡ’ ಅಂದ್ರು. ಅಲ್ಲಾ, ಊರೋರೆಲ್ಲ ಸೇರ್ಕಂಡು ಬೋರಪ್ಪನ ಕೈಲಿ ಆಗ್ನಿಲ್ಲ ಅನ್ನುಸ್ಬೇಕು ಅಂತಿದ್ರೆ ನನ್ಗೂ ಮಾನ ಇಲ್ವಾ? ನಾನ್ ಮುಟ್ಟಿದ್ ತೋಳು ಮೂರ್ ತಿಂಗ್ಳು ಕಟ್ಕಂಡ್ ಕೂತದೆ ಅಂದ್ರೆ ನಾಳೆ ನನ್ತಾವ ಯಾವನ್ ಬತ್ತಾನೆ?”

“ಕೈ ನಿಜವಾಗಿ ಸರಿಯಾಗಿದೆಯೇನು?”

“ಎಲ್ಲಾದದು? ಆ ಕೀಲು ತುಕ್ಕಿಡ್ದು ವರ್ಸಾಯ್ತು ಕಣವ್ವ. ಒಂಚೂರು ತುಪ್ಪ ಬುಡಿ.”

ತುಪ್ಪ ಬಿಟ್ಟಳು. ಬಿಡುತ್ತಲೇ ಯೋಚಿಸಿದಳು. ಇವರಿಗೂ ಬೇಡ, ಅವರಿಗೂ ಬೇಡ. ಒಂದು ಮಾತು ಸಾಕಿತ್ತು. ಆದರೆ ಆ ಮಾತನ್ನು ಗಂಡನಿಗೆ ಹೇಳಿದರೆ, ತಾನು ಸಾಕಿದ ಹುಡುಗರೇ ತನ್ನನ್ನು ಹೊರಗಿಡಲು ಕೂತು ಉಪಾಯ ಮಾಡಿದರೆಂದು ತಿಳಿಯುತ್ತದೆ. ರಂಗಸ್ವಾಮಿಗೆ ಹೇಳಿದರೆ, ಅಣ್ಣ ಮೂಳೆ ಕೂರಿಸುವವನ ಮುಂದೆ ಹೋಗಿ ಬೇಡಿಕೊಂಡರೆಂದು ನಾಳೆ ಪೇಟೆಯೆಲ್ಲ ಗೊತ್ತಾಗುತ್ತದೆ. ರಾತ್ರಿ ಊಟಕ್ಕೆ ಬಡಿಸುವಾಗ ಸುತ್ತಿ ಬಳಸಿ ಕೇಳಿದಳು:

“ಈ ವರ್ಷ ಹಾಸನಕ್ಕೆ ಹೋಗಲೇಬೇಕಾ?”

“ಬೋರಪ್ಪ ಅಂದಮೇಲೆ ಹೋಗದೇ ಇರೋದು ಹೇಗೆ? ಹೆದರಿ ಕೂತ ಅಂತಾರೆ.” ಸ್ವಲ್ಪ ಹೊತ್ತು ಅನ್ನ ಕಲೆಸುತ್ತಿದ್ದು, “ಹುಡುಗರಿಗೂ ಬೇಜಾರಾಗುತ್ತೆ ಕಣೇ” ಎಂದರು.

ಯುದ್ಧಕಾಲದ ಇದ್ದಿಲ ಬಸ್ಸು ಏರು ಬಂದಲ್ಲೆಲ್ಲ ನಿಂತು ಜನರನ್ನು ಇಳಿಸಿ, ಅವರಿಂದಲೇ ತಳ್ಳಿಸಿಕೊಂಡು ಹಾಸನ ಸೇರಿತು. ಪರಮಶಿವಯ್ಯನವರೂ ಇಳಿದು ಎಡಗೈಯಿಂದ ತಳ್ಳಿದರು. ಸುವರ್ಣಮ್ಮ ಮೈದಾನದ ಎದುರಿಗೇ ಇದ್ದ ತಂಗಿ ಪ್ರೇಮಕುಮಾರಿಯ ಮನೆಯಲ್ಲಿ ಇಳಿದುಕೊಂಡಳು. ತಂಗಿಯನ್ನು ನೋಡುವ ನೆವ ಹೇಳಿ ಬಂದಿದ್ದಳು.

ಮೊದಲ ದಿನ ದೇವರು ದೊಡ್ಡವನೆನ್ನಿಸಿತು. ಹಾಸನದ ತಂಡದಲ್ಲಿ ಇಬ್ಬರಿಗೆ ಮಲೇರಿಯಾ ಬಂದು ಅವರು ಆಡಲಿಲ್ಲ; ಚನ್ನರಾಯಪಟ್ಟಣದವರು ಬ್ಯಾಟು ಎತ್ತದೆಯೇ ಗೆದ್ದರು. ಸಂಜೆ ಅರಕಲಗೂಡಿನವರು ಹೊಳೇನರಸೀಪುರದವರನ್ನು ಸೋಲಿಸಿದರು. ಮರುದಿನದ ಕೊನೆಯ ಪಂದ್ಯ ಅರಕಲಗೂಡಿನ ಮೇಲೆ.

ಅರಕಲಗೂಡು ಸುವರ್ಣಮ್ಮನ ತವರು. ಆ ತಂಡದ ಕ್ಯಾಪ್ಟನ್ ನಂಜಪ್ಪ, ಈಗ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುವವನು, ಚಿಕ್ಕಂದಿನಲ್ಲಿ ಅವಳ ತವರಿನ ಪಕ್ಕದ ಮನೆಯ ಹುಡುಗ. ಅವಳು ಬಂದಿದ್ದಾಳೆಂದು ತಿಳಿದು ಆ ರಾತ್ರಿ ಮಾತಾಡಿಸಲು ಬಂದ. ಕಾಫಿ ಕುಡಿದ, ಊರಿನ ಸುದ್ದಿ ಹೇಳಿದ. ಹೊರಡಲು ಎದ್ದಾಗ ಸುವರ್ಣಮ್ಮ ಬಾಗಿಲವರೆಗೆ ಬಂದಳು.

“ನಂಜಪ್ಪಾ, ಒಂದು ಮಾತು ನಡೆಸಿಕೊಡ್ತೀಯಾ? ನಮ್ಮನೆಯೋರು ಬಲಗಡೆ ಹಿಂದಿನ ಮೂಲೇಲಿ ನಿಲ್ತಾರೆ. ಆ ಮೂಲೆಗೆ ಎತ್ತಿ ಹಾಕಬೇಡಿ.”

“ಸೋತ್ಬುಡು ಅಂತೀಯೇನಕ್ಕಾ?”

“ಸೋಲು ಅಂದ್ನಾ? ಜನರ ಮುಂದೆ ಅವರನ್ನ ನಗೆಪಾಟಲು ಮಾಡಬೇಡ ಅಂದೆ. ಗೆಲ್ಲೋರಿಗೆ ಇನ್ನೂ ಮೂರು ಮೂಲೆ ಇವೆ.”

ನಂಜಪ್ಪ ನಕ್ಕ. “ಅದೂ ಸರಿ ಅನ್ನು. ನಮ್ಮಲ್ಲೂ ಒಬ್ರು ದೊಡ್ಡಪ್ಪ ಅವ್ರೆ. ಮಂಡಿ ಮಡಚೋಕಾಗಲ್ಲ, ಮನೇಲಿರಿ ಅಂದ್ರೆ ಊಟ ಬುಡ್ತಾರೆ. ಆಗ್ಲಿ ಬುಡಕ್ಕಾ, ನಮ್ಮೋರ್ಗೆ ಏಳ್ತೀನಿ.”

ಮರುದಿನ ಸುವರ್ಣಮ್ಮ ತಂಗಿಯೊಡನೆ ಮನೆಯ ತಾರಸಿಯ ಮೇಲಿಂದ ಆಟ ನೋಡಿದಳು. ನಂಜಪ್ಪ ಮಾತಿಗೆ ತಪ್ಪಲಿಲ್ಲ. ಅವನ ಕಡೆಯವರು ಚೆಂಡನ್ನು ಎಡಕ್ಕೆ ಹಾಕಿದರು, ಬಲೆಯ ಹತ್ತಿರ ಹಾಕಿದರು, ನಡುವೆ ಹಾಕಿದರು. ಬಲಗಡೆಯ ಹಿಂದಿನ ಮೂಲೆಗೆ ಮಾತ್ರ ಎತ್ತಿ ಹಾಕಲಿಲ್ಲ. ಪರಮಶಿವಯ್ಯ ಬ್ಯಾಟು ಹಿಡಿದು ಬಾಗಿಲು ಕಾಯುವವರಂತೆ ನಿಂತಿದ್ದರು. ಅವಳ ಎದೆ ಹಗುರಾಯಿತು.

ಆದರೆ ಅವಳು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಇತ್ತು. ಚೆಂಡು ಎಲ್ಲಿಗೆ ಬರುವುದಿಲ್ಲವೆಂದು ಗೊತ್ತಾದ ಮೇಲೆ ಎಲ್ಲಿಗೆ ಬರುತ್ತದೆಂದೂ ಗೊತ್ತಾಗುತ್ತದೆ. ರಂಗಸ್ವಾಮಿಯೂ ಉಳಿದ ಮೂವರೂ ಮೆಲ್ಲಗೆ ಎಡಕ್ಕೆ ಸರಿದರು. ಅರ್ಧ ಅಂಗಳವನ್ನು ನಾಲ್ವರು ಕಾದರೆ ಯಾವ ಚೆಂಡು ತಪ್ಪೀತು? ಮೊದಲ ಆಟ ಗೆದ್ದರು. ಎರಡನೆಯದರಲ್ಲಿ ಸುತ್ತಲಿನ ಪಡ್ಡೆಗಳು ಕೂಗತೊಡಗಿದರು. ಸುವರ್ಣಮ್ಮ ತಾರಸಿಯ ಗೋಡೆಯನ್ನು ಬಿಗಿಯಾಗಿ ಹಿಡಿದು ಕಿವಿಗೊಟ್ಟಳು.

“ಆ ಯಪ್ಪನ್ ಕಡೀಕ್ ಆಕಾಕೇ ಎದರ್ತಾವ್ರೆ ಕಣ್ಲಾ! ಎಸ್ರಿಗೇ ಎದ್ರುಬುಟ್ಟವ್ರೆ ಕಣ್ಲಾ!”

ಒಂದೇ ಒಂದು ಚೆಂಡು ದಾರಿ ತಪ್ಪಿ, ಸೊಂಟದ ಎತ್ತರದಲ್ಲಿ, ಪರಮಶಿವಯ್ಯನವರ ಕಡೆ ಬಂತು. ಅವರು ಅದನ್ನು ನೆಟ್ಟಗೆ ಹಿಂದಕ್ಕೆ ಕಳಿಸಿದರು. ಕಪ್ಪು ಗೆದ್ದಾಗಲೂ ಜನ ಅಷ್ಟು ಚಪ್ಪಾಳೆ ಹೊಡೆಯಲಿಲ್ಲ.

ಕತ್ತಲಾಗುವ ಹೊತ್ತಿಗೆ ನಂಜಪ್ಪ ಬಂದು ಮೆಟ್ಟಿಲ ಕೆಳಗೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

“ಮೂರು ಮೂಲೆ ಸಾಲ್ಲಿಲ್ಲ ಕಣಕ್ಕಾ” ಎಂದ. “ನಾನಂತೂ ಬಾಯಿ ಬುಡಾಕಿಲ್ಲ. ಸೀರೆ ಉಟ್ಟೋರ್ ಮಾತ್ ಕೇಳಿ ಸೋತ್ ಬಂದ ಅಂತ ಊರಲ್ಲಿ ಉಗೀತಾರೆ.”

ಚನ್ನರಾಯಪಟ್ಟಣಕ್ಕೆ ಬಂದ ಮರುದಿನ ಜಗಲಿಯಲ್ಲಿ ತಂಡದ ಸಭೆ ಸೇರಿತು. ಒಳಗಿನಿಂದ ಸುವರ್ಣಮ್ಮನಿಗೆ ಎಲ್ಲವೂ ಕೇಳುತ್ತಿತ್ತು. ತಿಂಗಳ ಹಿಂದೆ ಕೊಡೆ ಬಿಚ್ಚಿ ಮುಚ್ಚಿದ ಅದೇ ರಂಗಸ್ವಾಮಿ ಎದ್ದು ನಿಂತು, ಆಟವೆಂದರೆ ಬರಿಯ ಕೈಯಲ್ಲ, ನಿಂತ ನಿಲುವೇ ಎದುರಾಳಿಯನ್ನು ಅರ್ಧ ಸೋಲಿಸುತ್ತದೆ ಎಂದು ಭಾಷಣ ಮಾಡಿದ. ಕ್ಯಾಪ್ಟನ್‌ಗಿರಿಯನ್ನು ಅಣ್ಣನೇ ವಹಿಸಿಕೊಳ್ಳಬೇಕು. ಆ ಮೂಲೆಯನ್ನು ಅವರು ಬಿಡುವ ಮಾತೇ ಇಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ನಂಬಿಬಿಟ್ಟಿದ್ದ. ರುದ್ರಯ್ಯನಂತೂ, “ವಯಸ್ಸು ವಯಸ್ಸು ಅಂತಿದ್ರಲ್ಲಾ, ನೋಡಿದ್ರಾ?” ಎಂದು ಎರಡು ಸಲ ಹೇಳಿದ.

ಗೌರೀಶಂಕರ ಮಾತ್ರ ಸಭೆ ಮುಗಿಯುವ ಮೊದಲೇ ಎದ್ದ. “ಹೊಳೇನರಸೀಪುರದಲ್ಲಿ ನಮ್ಮ ಸೋದರತ್ತೆ ಮನೆ ಇದೆ. ಅಲ್ಲಿನ ಕ್ಲಬ್ಬಿನೋರು ಕರೀತಿದ್ದಾರೆ. ಅಲ್ಲೇ ಸೇರ್ಕೋತೀನಿ ಅಣ್ಣಾ” ಎಂದು ನಮಸ್ಕಾರ ಮಾಡಿ ಹೊರಟ. ಎರಡು ವರ್ಷ ಪಕ್ಕದಲ್ಲಿ ನಿಂತು ಪರಮಶಿವಯ್ಯನವರ ಭುಜವನ್ನೇ ನೋಡಿದ್ದವನು ಅವನು. ಮುಂದಿನ ವರ್ಷ ಬಲೆಯ ಆಚೆ ನಿಂತಿರುತ್ತಾನೆ. ಅದು ಜಗಲಿಯಲ್ಲಿದ್ದವರಿಗೆ ಯಾರಿಗೂ ಹೊಳೆಯಲಿಲ್ಲ. ಒಳಗಿದ್ದವಳಿಗೆ ಹೊಳೆಯಿತು.

ಎಲ್ಲರೂ ಹೋದ ಮೇಲೆ ಪರಮಶಿವಯ್ಯ ಒಳಗೆ ಬಂದು ಮಣೆಯ ಮೇಲೆ ಕೂತರು. ಸಭೆಯಲ್ಲಿ ಹಾಕಿದ್ದ ಹಾರ ಕೊರಳಲ್ಲಿ ಹಾಗೇ ಇತ್ತು. ತೆಗೆಯಲು ಬಲಗೈ ಎತ್ತಿದರು, ಆಗಲಿಲ್ಲ. ಅವಳೇ ತೆಗೆದಳು.

“ಸುವರ್ಣಾ, ನೀನು ಮೇಲಿಂದ ನೋಡ್ತಿದ್ದೆಯಲ್ಲ. ನಿಜ ಹೇಳು. ಅವರು ನನ್ನ ಕಡೆ ಯಾಕೆ ಹಾಕಲಿಲ್ಲ?”

ಅವಳು ಅವರ ಮುಖ ನೋಡಿದಳು. ಆಡಲಾರೆನೆಂದು ಮೊಸಳೆಯವರೆಗೆ ಗಾಡಿ ಕಟ್ಟಿಸಿಕೊಂಡು ಹೋಗಿದ್ದ ಮನುಷ್ಯ ಇವರೇ. ಈಗ ಅದೇ ಕಣ್ಣಿನಲ್ಲಿ, ಪರೀಕ್ಷೆಯ ಫಲಿತಾಂಶ ಕೇಳುವವರ ಕಣ್ಣಿನಲ್ಲಿರುವಂಥ ಆಸೆಯಿತ್ತು. ನಿಜ ಹೇಳಿದರೆ ಅವರು ಇಂದೇ ಬ್ಯಾಟು ಕೆಳಗಿಡುತ್ತಾರೆ. ಮುಂದಿನ ವರ್ಷದ ಕೂಗಿನಿಂದ ಪಾರಾಗುತ್ತಾರೆ. ಆದರೆ ಹಾಸನದ ಜನ ಹೊಡೆದ ಚಪ್ಪಾಳೆಯೆಲ್ಲ ಹೆಂಡತಿ ಬೇಡಿ ತಂದ ದಾನವೆಂದು ತಿಳಿದ ಮೇಲೆ ಆ ಮುಖ ಹೇಗಿರುತ್ತದೆ, ಅದನ್ನು ತಾನು ದಿನವೂ ಹೇಗೆ ನೋಡುವುದು?

“ಹೆದರಿರಬೇಕು” ಎಂದಳು.

“ಹಾಗಂತೀಯಾ?” ಅವರು ನಕ್ಕರು. “ಹಾಗಾದ್ರೆ ಇನ್ನೊಂದೆರಡು ವರ್ಷ ಆಡಬಹುದು ಅನ್ನು.”

“ಆಡಬಹುದು” ಎಂದಳು ಸುವರ್ಣಮ್ಮ.

ಹಾರವನ್ನು ದೇವರ ಕೋಣೆಯ ಗೂಟಕ್ಕೆ ಹಾಕಿ, ಒಲೆಯ ಮುಂದೆ ಬಂದು ಕೂತಳು. ಇವರಿಗಲ್ಲ, ರಂಗಸ್ವಾಮಿಗಲ್ಲ, ತಂಗಿಗೂ ಅಲ್ಲ. ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿಕೊಂಡು ಎಣ್ಣೆ ಬಿಸಿಗಿಟ್ಟಳು. ಅವರ ಭುಜಕ್ಕೆ ತಿಕ್ಕಬೇಕಾಗಿತ್ತು.