ಬಾವಿ ಒಬ್ಬರಿಗೆ, ಕೊಟ್ಟಿಗೆ ಒಬ್ಬರಿಗೆ

ಮಕ್ಕಳು ಒಟ್ಟಾಗಿರಲೆಂದು ಆಸ್ತಿಯನ್ನು ಹೀಗೂ ಹಂಚಬಹುದೆಂದು ಮುದುಕನಿಗೆ ಹೊಳೆದದ್ದು ಕೈಕಾಲು ಗಟ್ಟಿಯಿದ್ದಾಗಲೇ. ಹುಲ್ಲುಗಾವಲು, ಹಸುಗಳು ದೊಡ್ಡ ಮಗಳಿಗೆ. ಬಾವಿ ಲಾರಿ ಓಡಿಸುವ ಮಗನಿಗೆ. ಕೊಟ್ಟಿಗೆ ಹೊಲಿಗೆ ಅಂಗಡಿ ನಡೆಸುವ ಚಿಕ್ಕ ಮಗಳಿಗೆ. ಒಬ್ಬರನ್ನು ಬಿಟ್ಟು ಒಬ್ಬರ ಬದುಕು ಸಾಗದು.

"ಮೂರು ಕಲ್ಲಿದ್ರೆ ತಾನೇ ಒಲೆ?" ಎಂದು ಪತ್ರಕ್ಕೆ ರುಜು ಹಾಕಿ ಬಂದ ದಿನ ಹೆಂಡತಿಯ ಮುಂದೆ ಬೀಗಿದ್ದ. ಅವಳು ಹಾಲಿನ ಪಾತ್ರೆ ತೊಳೆಯಲು ಎದ್ದಳು.

ಅಂದಿನಿಂದ ಹಸು ಮೇಯುವುದು ದೊಡ್ಡವಳ ಹುಲ್ಲು, ಕುಡಿಯುವುದು ತಮ್ಮನ ನೀರು, ಮಲಗುವುದು ತಂಗಿಯ ಸೂರಿನಡಿ. ಅವರಿಬ್ಬರೂ ಕೆಟ್ಟವರಲ್ಲ, ಒಂದು ದಿನವೂ ಇಲ್ಲ ಅಂದವರಲ್ಲ. ಆದರೆ ಬಾವಿಯ ಮೋಟಾರು ಸುಟ್ಟರೆ ರಿಪೇರಿ ಮಾಡಿಸುವವಳು ದೊಡ್ಡವಳು, ಕೊಟ್ಟಿಗೆಯ ತಗಡು ಹಾರಿದರೆ ಹೊದಿಸುವವಳೂ ಅವಳೇ. ಹಾಲು ಕರೆಯುವ ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು, "ಕೊಟ್ಟಿಗೆ ನಿಮ್ಮ ಹೆಸರಲ್ಲಿಲ್ಲವಲ್ಲ ತಾಯಿ" ಎಂದು ಕಾಗದ ಹಿಂದಕ್ಕೆ ಕೊಟ್ಟರು. ಕೈಯಲ್ಲೇ ಕರೆದು ಕರೆದು ಅವಳ ಬೆರಳ ಗೆಣ್ಣುಗಳು ಊದಿ, ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ.

ಒಂದು ಭಾನುವಾರ ಅವಳೇ ಎಲ್ಲರನ್ನೂ ಕರೆಸಿದಳು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಬೋರಲು ಹಾಕಿದ ಹಾಲಿನ ಕ್ಯಾನುಗಳ ಮೇಲೆಯೇ ಕೂತರು.

"ಎಲ್ಲಾ ಒಬ್ಬರ ಕೈಲಿರ್ಬೇಕು. ಇಲ್ದಿದ್ರೆ ಹಸುಗಳನ್ನ ಮಾರ್ಬಿಟ್ಟು ಡೇರಿಗೆ ಕೆಲಸಕ್ಕೆ ಹೋಗ್ತೀನಿ. ತಿಂಗಳಾದ್ರೆ ಸಂಬಳ, ವಾರಕ್ಕೊಂದು ರಜ."

"ಹಸುಗೆ ರಜ ಇಲ್ಲ ಅಂತ ಈಗ ಗೊತ್ತಾಯ್ತಾ ಅಕ್ಕ?" ತಮ್ಮ ನಕ್ಕ.

"ನಗು, ನಗು. ನಿನ್ನ ಲಾರಿಗೂ ಕೆಚ್ಚಲಿದ್ದಿದ್ರೆ ಗೊತ್ತಾಗ್ತಿತ್ತು."

"ನೀರು ಕೊಡಲ್ಲ ಅಂದ್ನಾ ನಾನು? ಸಾಯೋವರೆಗೂ ತಗೋ."

"ಸತ್ತ ಮೇಲೆ? ನಿನ್ನ ಮಕ್ಕಳು ನನ್ನ ಮಗಳಿಗೆ ಕೊಡ್ತಾರಾ?"

ಚಿಕ್ಕವಳು ಸೆರಗಿಗೆ ಅಂಟಿದ್ದ ದಾರದ ತುಣುಕು ಕೀಳುತ್ತ ಹೇಳಿದಳು: "ತವರಿಂದ ನನಗೆ ಬಂದಿದ್ದು ಅದೊಂದು ಸೂರು ಅಕ್ಕ. ಬಾಡಿಗೆ ಅಂಗಡೀಲಿ ಮೆಷಿನ್ ತುಳಿಯೋಳು ನಾನು. ಸುಮ್ನೆ ಹೆಂಗೆ ಬಿಟ್ಕೊಡ್ಲಿ? ಇವತ್ತಿನ ಬೆಲೆ ಕೊಡು, ರುಜು ಹಾಕ್ತೀನಿ."

"ಆ ಬೆಲೆ ಮಾರೋರಿಗೆ ಕಣೇ. ಹಾಲು ಕರೆಯೋಳಿಗೆ ಈ ನೆಲದಲ್ಲಿ ಸಿಗೋದು ಹುಲ್ಲು. ಏಳು ಜನ್ಮ ಕರೆದ್ರೂ ಅಷ್ಟು ಹುಟ್ಟಲ್ಲ."

"ಮೂರು ಕಲ್ಲು..." ಮುದುಕ ಬಾಯಿ ತೆರೆದ.

"ಮೂರೂ ಇವೆ ಅಪ್ಪ. ಸೌದೆ ಮಾತ್ರ ನಾನೊಬ್ಬಳೇ."

ಹಾಲು ಸೋಸುವ ಬಟ್ಟೆ ಹಿಂಡುತ್ತಿದ್ದ ತಾಯಿ ಅದನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ರಸ್ತೆ ಪಕ್ಕದ ಹುಲ್ಲುಗಾವಲು ಮಾರು" ಎಂದಳು. "ಗೋದಾಮು ಕಟ್ಟೋರು ಎಷ್ಟೋ ದಿನದಿಂದ ಕೇಳ್ತಾ ಇದ್ದಾರೆ. ಬಂದಿದ್ದು ಇವರಿಬ್ಬರಿಗೂ ಕೊಟ್ಟು ಬಾವಿ, ಕೊಟ್ಟಿಗೆ ನಿನ್ನ ಹೆಸರಿಗೆ ಮಾಡಿಸ್ಕೋ."

"ಇರೋದ್ರಲ್ಲಿ ಒಳ್ಳೆ ಹುಲ್ಲು ಅಲ್ಲೇ ಕಣೇ!" ಮುದುಕ ಕೂತಲ್ಲಿಂದ ಎದ್ದ.

"ಮಿಕ್ಕಿದ್ದು ಅರ್ಧದಷ್ಟು ಹಸುಗಳಿಗೂ ಸಾಲಲ್ಲ ಅಮ್ಮ" ಎಂದಳು ದೊಡ್ಡವಳು.

"ಹಂಗಾದ್ರೆ ಅರ್ಧಕ್ಕಿಂತ ಕಮ್ಮಿ ಇಟ್ಕೋ. ಇಲ್ಲಾ ಡೇರಿಗೆ ಹೋಗು, ನಾನು ಬೇಜಾರು ಮಾಡ್ಕೊಳಲ್ಲ."

ದೊಡ್ಡವಳು ತನ್ನ ಕೈಗಳನ್ನು ತಿರುವಿ ನೋಡಿಕೊಂಡಳು. "ಹಸುಗಳಿದ್ದಾಗ ಸಾಲ ಹುಟ್ಟಲಿಲ್ಲ. ಇನ್ನು ಸಾಲ ಹುಟ್ಟುತ್ತೆ, ಯಂತ್ರಕ್ಕೆ ಹಸುಗಳಿರಲ್ಲ" ಎಂದಳು. ಆಮೇಲೆ, "ಆಗಲಿ, ಮಾರೋಣ."

ತಮ್ಮ, ತಂಗಿ ಇಬ್ಬರೂ ತಲೆಯಾಡಿಸಿದರು. ಗೆದ್ದವರಂತೆ ಯಾರೂ ಕಾಣಲಿಲ್ಲ.

ಅವರು ಹೋದ ಮೇಲೆ ಮುದುಕ ಕುಡುಗೋಲು ಹಿಡಿದು ರಸ್ತೆ ಪಕ್ಕಕ್ಕೆ ನಡೆದ. ದೊಡ್ಡ ಮಗಳೂ ಹಗ್ಗ ತೆಗೆದುಕೊಂಡು ಹಿಂದೆ ಹೋದಳು. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಹುಲ್ಲು ಬೇಗ ಚಿಗುರುತ್ತದೆಂದು ಅವಳಿಗೆ ಕಲಿಸಿದವನು ಅವನೇ.

"ಬುಡಕ್ಕೇ ಹಾಕು ಅಪ್ಪ. ಇನ್ನು ಚಿಗುರಿ ಯಾರಿಗಾಗಬೇಕು?"

ಮುದುಕ ಕುಡುಗೋಲು ತಗ್ಗಿಸಿದ. ಒಂದೆರಡು ಹಿಡಿ ನೆಲಕ್ಕೆ ಹತ್ತಿಸಿಯೇ ಕೊಯ್ದ. ಮುಂದಿನದಕ್ಕೆ ಕೈ ತಾನಾಗಿ ಮೇಲಕ್ಕೆ ಬಂತು. ಮಗಳು ನೋಡಿದಳು. ಹಾಲು ಕರೆಯುವ ಹೊತ್ತಾಗುತ್ತಿತ್ತು. ಕೊಯ್ದಷ್ಟನ್ನು ಹೊರೆ ಕಟ್ಟತೊಡಗಿದಳು.