ದ್ರಾಕ್ಷಿಗೆ ಸೀರೆ

ರಾಟರ್‌ಡ್ಯಾಮಿನ ದಕ್ಷಿಣಕ್ಕೆ ಟ್ಯೂನ್ ಎಂಬ ಡಚ್ ಮುದುಕನದೊಂದು ಪುಟ್ಟ ದ್ರಾಕ್ಷಿ ತೋಟ. ನಾನು ಅವನನ್ನು ಟ್ಯೂನಜ್ಜ ಎನ್ನುತ್ತೇನೆ. ಸಂಶೋಧನೆಯ ನಡುವೆ ಶನಿವಾರ ಅಲ್ಲಿ ನನ್ನ ಬಿಟ್ಟಿ ಚಾಕರಿ. ತಿಕೋಟದ ದ್ರಾಕ್ಷಿ ಬೆಳೆಗಾರನ ಮಗಳು ನಾನು, ಬಳ್ಳಿ ಕಂಡರೆ ಕೈ ಸುಮ್ಮನಿರುವುದಿಲ್ಲ.

ಇಲ್ಲಿಯ ತಂಪಿಗೆ ಹಣ್ಣು ಸರಿಯಾಗಿ ಮಾಗದೆ ಅಜ್ಜನ ಕೆಂಪು ವೈನು ಎಂಟು ವರ್ಷದಿಂದ ಬರೀ ಹುಳಿ. ಈ ಸಲವೂ ಹಾಗಾದರೆ ಚಳಿಗಾಲದಲ್ಲಿ ಕೆಂಪು ಬಳ್ಳಿಗಳನ್ನು ಬುಡಸಮೇತ ಕಿತ್ತುಹಾಕುತ್ತೇನೆ ಎಂದಿದ್ದ. ಅದಕ್ಕೇ ೨೦೧೯ರ ಜುಲೈನಲ್ಲಿ, ಬಿಸಿಲು ಬೀಳಲೆಂದು ಗೊಂಚಲ ಸುತ್ತಲಿನ ಎಲೆಗಳನ್ನೆಲ್ಲ ನನ್ನಿಂದ ಕೀಳಿಸಿದ. ಊರಲ್ಲಿ ಹೀಗೆ ಮಾಡಿದ್ದರೆ ಅಪ್ಪ ನನ್ನ ಚರ್ಮ ಸುಲಿಯುತ್ತಿದ್ದರು.

ಮರುವಾರ ಹವಾಮಾನ ನೋಡಿದೆ. ಗುರುವಾರ ನಲವತ್ತು ಡಿಗ್ರಿ! ಫೋನ್ ಮಾಡಿದರೆ ಅಜ್ಜ ಹಿಗ್ಗಿ ಹೀರೇಕಾಯಿಯಾಗಿದ್ದ.

“ಎಂಟು ವರ್ಷ ಕಾದ ಬಿಸಿಲು, ನೀಲಾಂಬಿಕಾ!”

“ಅದು ಮಾಗಿಸುವ ಬಿಸಿಲಲ್ಲ, ಸುಡುವ ಬಿಸಿಲು. ನಮ್ಮೂರಲ್ಲಿ ಹಳೇ ಸೀರೆ ಕಟ್ಟಿ ನೆರಳು ಮಾಡುತ್ತಾರೆ. ನಾನೂ ಕಟ್ಟುತ್ತೇನೆ.”

ಅಜ್ಜ ಬಿದ್ದು ಬಿದ್ದು ನಕ್ಕ. ಕೊನೆಗೆ ನನ್ನ ಕಾಟ ತಾಳದೆ ಮೂರು ಸಾಲು ಬಿಟ್ಟುಕೊಟ್ಟ.

ಬೆಂಗಳೂರಿನ ಗೆಳೆಯ ಗಯಾಸ್ ಕಾರು ತಂದ. “ವೈನ್ ನಾನು ಮುಟ್ಟಲ್ಲ, ಬಟ್ ಈ ಸೀನ್ ಮಿಸ್ ಮಾಡ್ಕೊಳಲ್ಲ ಕಣೇ!” ಹತ್ತಿರದ ರೈಸ್‌ವೈಕ್, ಜೂಟರ್‌ಮೀರ್ ಊರುಗಳನ್ನು ಸುತ್ತಿ ಕನ್ನಡದವರ ಬೀರುಗಳನ್ನೆಲ್ಲ ಜಾಲಾಡಿದೆವು.

“ಯಾವ ಪೂಜೆಗಮ್ಮಾ?” ಎಂದರು ಅವರಲ್ಲೊಬ್ಬರಾದ ವಾಸಂತಿ ಆಂಟಿ.

“ದ್ರಾಕ್ಷಿಗ್ರೀ ಆಂಟಿ, ಬಿಸಲಾಗ ಸುಟ್ಟ ಹೋಗ್ತಾವ!”

ಅವರು ಆರು ಸೀರೆ ತೆಗೆದುಕೊಟ್ಟರು. ಬುಧವಾರ ಸಂಜೆ ಇಪ್ಪತ್ತಮೂರು ಸೀರೆ ತಂತಿಗೆ ಬಿಗಿದೆವು. ದಾರಿಹೋಕರು ಸೈಕಲ್ ನಿಲ್ಲಿಸಿ ಫೋಟೋ ತೆಗೆದದ್ದೇ ತೆಗೆದದ್ದು. ನನಗಂತೂ ಕುಣಿಯುವಷ್ಟು ಹುರುಪು.

ಶನಿವಾರ ಹೋದಾಗ ಆ ಹುರುಪು ಇಳಿದುಹೋಯಿತು. ಸೀರೆಯ ನೆರಳಿಲ್ಲದ ಸಾಲುಗಳ ಗೊಂಚಲುಗಳು ಕಂದುಗಟ್ಟಿ ಮುರುಟಿದ್ದವು. ಎಲೆ ಕಿತ್ತ ಕೈ ನನ್ನದೇ, ಅಳು ಬಂತು. ಅಜ್ಜ ನಡೆದು ಬಂದು ಒಂದು ಸೀರೆ ಸರಿಸಿದ. ಒಳಗೆ ಹಸಿರು ಕಾಯಿ, ಒಂದಕ್ಕೂ ಕಲೆಯಿಲ್ಲ! ಮೂರೂ ಸಾಲು ಹಾಗೇ. ಅಜ್ಜ ಟೋಪಿ ತೆಗೆದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಆ ಮೂರು ಸಾಲಿನಿಂದ ಒಂದೇ ಒಂದು ಸಣ್ಣ ಪೀಪಾಯಿ ವೈನಾಯಿತು. ಡಿಸೆಂಬರಿನಲ್ಲಿ ಅದರ ಮೊದಲ ರುಚಿ. ಗಯಾಸ್ ಮೂಸಿ ನೋಡಿ ಗ್ಲಾಸನ್ನು ನನಗೆ ದಾಟಿಸಿದ. ನೇರಳೆಹಣ್ಣಿನ ಒಗರು, ನಾಲಿಗೆಗೆ ಹಿತವಾದ ಹುಳಿ. ಅಜ್ಜ ಕಣ್ಣುಮುಚ್ಚಿ ಬಾಯಲ್ಲೇ ಇಟ್ಟುಕೊಂಡ, ನುಂಗಲೇ ಇಲ್ಲ ಎನ್ನುವಷ್ಟು ಹೊತ್ತು.

“ಮುಂದಿನ ವರ್ಷ ಎಲೆ ಎಷ್ಟು ಕೀಳಬೇಕೆಂದು ನೀನೇ ಹೇಳು,” ಎಂದ.

ನಾನು ಪೆದ್ದಿಯಂತೆ ತಲೆಯಾಡಿಸಿದೆ. ಗಯಾಸ್ ಮೊಣಕೈಯಿಂದ ತಿವಿದ. “ಮುಂದಿನ ವರ್ಷ ಅಂದ್ರು ಕಣೇ, ಬಳ್ಳಿ ಕೀಳಲ್ಲ!”

ಅಜ್ಜನನ್ನು ತಬ್ಬಿಕೊಂಡು ಕಿರುಚಿದೆ.