ಬಿಸಿ ನೆಲದ ಮೇಲೆ ತಟ್ಟಡವು

ನಾನು ಕೇಳಿದ್ದು ರೇಡಿಯೇಟರ್ ರಿಪೇರಿ. ಅಷ್ಟೇ. ಗಣಪತಿ ಮಾಡು ಎಂದರೆ ಅವರಪ್ಪನನ್ನು ಮಾಡುವುದು ನನ್ನ ಗಂಡ ಪ್ರಶಾಂತನ ಹುಟ್ಟುಗುಣ ಎಂಬುದು ಆ ಹೊತ್ತಿನಲ್ಲಿ ಮರೆತುಹೋಗಿತ್ತು.

ಮುಥೈಗಾದ ಈ ಹಳೆಯ ಬಾಡಿಗೆ ಮನೆಯಲ್ಲಿ ಮೊದಲು ಯಾವುದೋ ಚಳಿದೇಶದ ರಾಯಭಾರಿ ಇದ್ದರಂತೆ. ಅದಕ್ಕೇ ನೈರೋಬಿಯ ಬೇರೆ ಮನೆಗಳಲ್ಲಿ ಕಾಣದ ಸೌಕರ್ಯ ಇಲ್ಲಿತ್ತು. ಹಿತ್ತಲಲ್ಲಿ ಬಾಯ್ಲರ್, ಒಂದೊಂದು ಕೋಣೆಯಲ್ಲೂ ಒಳಗೆ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್. ಹಿಂದಿನ ದೊಡ್ಡ ಕೋಣೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಾನು ಭರತನಾಟ್ಯ ಹೇಳಿಕೊಡುತ್ತೇನೆ. ಬೆಂಗಳೂರಿನಲ್ಲಿ ಒಂದು ಹಾಲ್ ತುಂಬ ಮಕ್ಕಳಿದ್ದರು. ಪ್ರಶಾಂತನ ಟೆಲಿಕಾಂ ಕಂಪನಿ ನಮ್ಮನ್ನು ಇಲ್ಲಿಗೆ ಕಳಿಸಿದ ಮೇಲೆ ಕಷ್ಟಪಟ್ಟು ಸೇರಿಸಿಕೊಂಡದ್ದು ಎಂಟು. ಈ ಊರಿನಲ್ಲಿ 'ಪ್ರಶಾಂತ್ ಮಿಸೆಸ್' ಅಲ್ಲದೆ ನಾನು ಬೇರೆ ಏನಾದರೂ ಆಗಿದ್ದರೆ ಅದು ಆ ಎಂಟು ಮಕ್ಕಳಿಂದ.

ಜೂನ್ ಬಂತೆಂದರೆ ಇಲ್ಲಿ ದಿನವಿಡೀ ಮೋಡ, ಚಳಿ. ಟೈಲ್ಸ್ ನೆಲ ಬರಿಗಾಲನ್ನು ಕೊರೆಯುತ್ತದೆ. ಮನೆಯಲ್ಲಿ ಕೆಟ್ಟದ್ದು ಒಂದೇ ರೇಡಿಯೇಟರ್, ಅದು ಆ ಕೋಣೆಯದೇ ಆಗಬೇಕೇ? ಸಾಕ್ಸ್ ಹಾಕಿಕೊಂಡು ಬಂದ ಹುಡುಗಿ ಜಾರಿ ಬಿದ್ದಳು. ಮುಂದಿನ ವಾರ ಇಬ್ಬರು ವೆಸ್ಟ್‌ಲ್ಯಾಂಡ್ಸ್‌ನ ಇನ್ನೊಂದು ಕ್ಲಾಸಿಗೆ ಸೇರಿಕೊಂಡರು. ಅಲ್ಲಿ ಮರದ ನೆಲವಂತೆ.

"ಆ ರೇಡಿಯೇಟರ್ ರಿಪೇರಿ ಮಾಡ್ಸು, ಪ್ರಶಾಂತ್. ಇನ್ನಿಬ್ರು ಹೋದ್ರೆ ಕ್ಲಾಸ್ ಮುಚ್ಚಬೇಕಾಗತ್ತೆ," ಎಂದೆ.

"ರೇಡಿಯೇಟರ್ ಬಿಸಿ ಎಲ್ಲಾ ಮೇಲಕ್ಕೆ ಹೋಗಿಬಿಡತ್ತೆ, ವರ್ಷಿ. ನಿನ್ನ ಮಕ್ಕಳಿಗೆ ಚಳಿ ಆಗ್ತಿರೋದು ಕಾಲಿಗೆ. ನೆಲಾನೇ ಬಿಸಿ ಮಾಡೋಣ." ಅಷ್ಟರಲ್ಲಾಗಲೇ ಅವನ ಫೋನಿನ ವಿಡಿಯೋದಲ್ಲಿ ಯಾರೋ ಇಂಗ್ಲೆಂಡಿನವನು ನೆಲ ಅಗೆಯುತ್ತಿದ್ದ.

ಹೇಳುವುದಕ್ಕೆ ಸುಲಭ. ರೇಡಿಯೇಟರ್ ಕಿತ್ತರೆ ಗೋಡೆಯಲ್ಲಿ ಎರಡು ಪೈಪು ಉಳಿಯುತ್ತವೆ. ಒಂದರಲ್ಲಿ ಬಿಸಿನೀರು ಬರುತ್ತದೆ, ಇನ್ನೊಂದರಲ್ಲಿ ವಾಪಸು ಹೋಗುತ್ತದೆ. ಅವೆರಡರ ನಡುವೆ ಉದ್ದನೆಯ ಪ್ಲಾಸ್ಟಿಕ್ ಪೈಪು ಜೋಡಿಸಿ, ನೆಲದ ತುಂಬ ಚಕ್ಕುಲಿಯ ಹಾಗೆ ಸುತ್ತಿ, ಮೇಲೆ ಸಿಮೆಂಟ್ ಹಾಕಿ ಟೈಲ್ಸ್ ಕೂರಿಸುವುದು. ಪ್ಲಂಬರ್ ವಿನ್ಸೆಂಟ್ ಬಂದು ಕೋಣೆ ನೋಡಿ, "ಹಕುನಾ ಶಿದಾ, ಮೇಡಂ. ಟೂ ವೀಕ್ಸ್," ಎಂದ. ಏನೂ ತೊಂದರೆಯಿಲ್ಲ ಎಂದು ಯಾರಾದರೂ ಮೊದಲೇ ಹೇಳಿದರೆ ನನಗೆ ಎದೆ ಡವಡವ ಎನ್ನುತ್ತದೆ.

ಕ್ಲಾಸು ಕಾರ್ ನಿಲ್ಲಿಸುವ ಪೋರ್ಟಿಕೋಗೆ ಬಂತು. ಚಳಿಗಾಳಿಯಲ್ಲಿ ಮಕ್ಕಳು ಶೂ ಹಾಕಿಕೊಂಡೇ ಅರೆಮಂಡಿ ಕೂತರು. ಸಿಮೆಂಟ್ ಪೂರ್ತಿ ಒಣಗುವ ಮೊದಲು ಬಿಸಿನೀರು ಬಿಟ್ಟರೆ ಬಿರುಕು ಬಿಡುತ್ತದಂತೆ, ಅದಕ್ಕಾಗಿ ಕಾದೆವು. ನೆಲ ಎರಡು ಇಂಚು ಎದ್ದುಕೊಂಡು ಬಾಗಿಲು ತೆರೆಯದಾಯಿತು. ಬಾಗಿಲಿನ ಬುಡ ಕೊಯ್ದರು. ಎರಡು ವಾರ ಮುಗಿದು ಎಷ್ಟೋ ವಾರಗಳಾದ ಮೇಲೆ ಕೋಣೆ ಸಿದ್ಧವಾಯಿತು.

ಮೊದಲ ದಿನ ಒಳಗೆ ಕಾಲಿಟ್ಟ ಮಕ್ಕಳು ಕಾದ ಕಾವಲಿಯ ಮೇಲಿಂದ ಹಾರುವಂತೆ ಹಾರಿ ಹೊರಗೆ ಬಂದರು. ರೇಡಿಯೇಟರಿಗೆ ಕಳಿಸುವ ನೀರನ್ನು ಹಾಗೇ ನೆಲಕ್ಕೆ ಬಿಡಬಾರದಂತೆ. ನೆಲ ಸುತ್ತಿ ತಣಿದು ಬಂದ ನೀರನ್ನು ಅದಕ್ಕೆ ಬೆರೆಸಿ ಹದ ಮಾಡುವ ವಾಲ್ವ್ ಬೇಕು. ಅದನ್ನು ವಿನ್ಸೆಂಟ್ ತರುತ್ತಾನೆಂದು ಪ್ರಶಾಂತ್, ಪ್ರಶಾಂತ್ ತರುತ್ತಾನೆಂದು ವಿನ್ಸೆಂಟ್.

"ಸ್ನಾನಕ್ಕೆ ತಣ್ಣೀರು ಬೆರೆಸದೇ ಮೈಮೇಲೆ ಹುಯ್ಕೋತೀಯಾ?" ಎಂದು ಕೇಳಿದೆ. ಪ್ರಶಾಂತ್ ಕಾರಿನ ಕೀ ತೆಗೆದುಕೊಂಡು ವಾಲ್ವ್ ಹುಡುಕಲು ಹೊರಟ.

ಕೊನೆಗೆ ಎಲ್ಲ ಸರಿಹೋಯಿತು. ಸುಳ್ಳು ಹೇಳುವುದಿಲ್ಲ, ಆ ನೆಲ ನಿಜಕ್ಕೂ ಸುಖವಾಗಿತ್ತು. ಕುಣಿಯುವ ಮುಂಚೆ ನಾವು ಭೂಮಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಿನ್ನನ್ನು ತುಳಿಯುತ್ತೇವೆ ಕ್ಷಮಿಸು ಎಂದು ಕೇಳಿಕೊಳ್ಳುವುದು ಪದ್ಧತಿ. ಅಂದು ಚಿನ್ಮಯಿ ಎಂಬ ಹುಡುಗಿ ಮುಟ್ಟಿದ ಕೈ ತೆಗೆಯಲೇ ಇಲ್ಲ. "ಆಂಟಿ, ಭೂಮಿ ಇಸ್ ಸೋ ವಾರ್ಮ್ ಟುಡೇ," ಎಂದಳು. ನನಗೆ ಕಣ್ಣು ತುಂಬಿಬಂತು. ಪ್ರಶಾಂತನನ್ನು ಬೈದದ್ದೆಲ್ಲ ವಾಪಸು ತೆಗೆದುಕೊಳ್ಳೋಣ ಎಂದುಕೊಂಡೆ.

ಅಂಗಾಲಿನಿಂದ ನೆಲ ತಟ್ಟುವ ಮೊದಲ ಪಾಠ, ತಟ್ಟಡವು, ಶುರುವಾಯಿತು. ಮೊದಲ ಹೆಜ್ಜೆಗೇ ಪ್ರಶಾಂತ್ ಬಾಗಿಲಲ್ಲಿ ಹಾಜರು.

"ಪೋಲೆ ಪೋಲೆ, ಮಕ್ಕಳಾ. ಸ್ಲೋಲಿ. ಕೆಳಗಡೆ ಪೈಪ್ ಇದೆ."

"ಪ್ರಶಾಂತ್, ಇದರ ಹೆಸರೇ ತಟ್ಟಡವು. ತಟ್ಟಲೇಬೇಕು."

"ತಟ್ಟಲಿ, ಯಾರು ಬೇಡ ಅಂದ್ರು? ಸ್ವಲ್ಪ ಮೆತ್ತಗೆ. ಲೀಕ್ ಆದ್ರೆ ಇಡೀ ನೆಲ ಮತ್ತೆ ಒಡೀಬೇಕು."

ಪೈಪಿನ ನೀರಿನ ಒತ್ತಡ ತೋರಿಸುವ ಮುಳ್ಳಿನ ಡಬ್ಬಿಯೊಂದನ್ನು ಪಡಸಾಲೆಯ ಗೋಡೆಗೆ ಕೂರಿಸಿದ್ದ. ಒಳಗೆ ಧಪ್ ಎಂದಾಗಲೆಲ್ಲ ಓಡಿಹೋಗಿ ಅದನ್ನು ನೋಡುತ್ತಿದ್ದ. ಮೂಗಿಗಿಂತ ಮೂಗುತಿ ಭಾರ. ಮತ್ತೆ ಪೋರ್ಟಿಕೋಗೆ ಹೋಗುವ ಭಯಕ್ಕೆ ನಾನೂ "ಮೆಲ್ಲಗೆ, ಮೆಲ್ಲಗೆ" ಎನ್ನತೊಡಗಿದೆ.

ಇಲ್ಲಿನ ಕನ್ನಡಿಗರ ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ನನ್ನ ಆರು ಮಕ್ಕಳೂ ಕುಣಿದರು. ಕೈ ಸರಿ, ಕಣ್ಣು ಸರಿ, ತಾಳ ಸರಿ. ಚಪ್ಪಾಳೆಯೂ ಬಂತು. ಊಟದ ಸಾಲಿನಲ್ಲಿ ಅಂಬುಜಾ ಆಂಟಿ ಸಿಕ್ಕಿದರು. ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನೃತ್ಯ ಕಲಿತವರು.

"ಮಕ್ಕಳು ಮುದ್ದಾಗಿ ಮಾಡಿದ್ರು ಕಣಮ್ಮ, ವರ್ಷಿಣಿ. ಆದ್ರೆ ಗೆಜ್ಜೆ ಮಾತ್ರ ಕೇಳಿಸ್ತು. ಕಾಲು ಕೇಳಿಸ್ಲೇ ಇಲ್ಲ. ಯಾಕೆ, ಹೆದರ್ಕೊಂಡಿದ್ರಾ?"

ಆ ವೇದಿಕೆ ಮರದ್ದು. ಅದರ ಕೆಳಗೆ ಯಾವ ಪೈಪೂ ಇರಲಿಲ್ಲ. ಎಂಟರಲ್ಲಿ ಇಬ್ಬರನ್ನು ಚಳಿಗೆ ಕಳೆದುಕೊಂಡಿದ್ದೆ. ಉಳಿದ ಆರು ಜನಕ್ಕೆ, ನನ್ನ ಕೈಯಾರೆ, ನೆಲ ಮುಟ್ಟದೆ ಕುಣಿಯುವುದನ್ನು ಕಲಿಸಿಬಿಟ್ಟಿದ್ದೆ. ಪ್ರಶಾಂತನ ಮೇಲೆ ಬಂದ ಸಿಟ್ಟು ಒಂದು ಪಾಲಾದರೆ ನನ್ನ ಮೇಲೆ ಬಂದದ್ದು ಎರಡು ಪಾಲು.

ಮುಂದಿನ ಶನಿವಾರ ಮಕ್ಕಳು ಎಂದಿನಂತೆ ಬಗ್ಗಿ ನೆಲ ಮುಟ್ಟಿದರು. ಚಿನ್ಮಯಿ ಮೆಲ್ಲನೆ ಒಂದು ಮಾತು ಸೇರಿಸಿದಳು. "ಸಾರಿ ಭೂಮಿ. ಸಾರಿ ಅಂಕಲ್ಸ್ ಪೈಪ್ಸ್."

"ನಿಲ್ಲಿಸಿ," ಎಂದೆ. "ಪ್ರಶಾಂತ್, ಬಾ ಇಲ್ಲಿ."

ಲ್ಯಾಪ್‌ಟಾಪ್ ಹಿಡಿದೇ ಬಂದ. ಅದನ್ನು ಕಸಿದು ಕಿಟಕಿಯ ಕಟ್ಟೆಯ ಮೇಲಿಟ್ಟು, ನಾನು ತಾಳ ಹಾಕುವ ತಟ್ಟುಮಣೆಯ ಮುಂದೆ ಕೂರಿಸಿ ಕೈಗೆ ಕೋಲು ಕೊಟ್ಟೆ.

"ಇವತ್ತು ತಾಳ ನೀನು ತಟ್ಟು."

"ನಂಗೆಲ್ಲಿ ಬರತ್ತೆ ವರ್ಷಿ? ಹತ್ತೂವರೆಗೆ ಆಫೀಸ್ ಕಾಲ್ ಇದೆ."

"ಇರ್ಲಿ. ಇವರು ಕ್ಷಮೆ ಕೇಳೋದು ಜೋರಾಗಿ ತುಳಿಯೋಕೆ. ತುಳಿಯದೇ ಇದ್ರೆ ಕ್ಷಮೆ ಯಾತಕ್ಕೆ? ನೀನು ಬಾಗಿಲಲ್ಲಿ ನಿಂತು ಹೆದರಿಸಿದ್ದು. ಆ ಹೆದರಿಕೆ ನೀನೇ ಬಿಡಿಸು."

ಅವನು ಪಡಸಾಲೆಯ ಕಡೆ ಕತ್ತು ಚಾಚಿದ. ಮುಳ್ಳಿನ ಡಬ್ಬಿಯ ಮೇಲೆ ನಾನು ಆಗಲೇ ಅವನದೇ ಟವೆಲ್ ಹಾಕಿದ್ದೆ.

ಮೊಟ್ಟೆ ಒಡೆಯುವವನಂತೆ ಒಂದು ಸಲ ಟಕ್ ಎಂದು ತಟ್ಟಿದ. ಆರು ಕಾಲುಗಳು ಅಷ್ಟೇ ಮೆತ್ತಗೆ ಕೆಳಗಿಳಿದವು. ಒಂದು ಮಗುವೂ ನನ್ನ ಕಡೆ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಅವನ ಮೇಲಿತ್ತು. ಅದನ್ನು ಅವನೂ ಕಂಡ. ಕೋಲನ್ನು ಮುಷ್ಟಿಯಲ್ಲಿ ಸರಿಯಾಗಿ ಹಿಡಿದುಕೊಂಡ.

"ಚಿನ್ಮಯಿ," ಎಂದ. "ಇಟ್ಸ್ ಓಕೆ. ಹಿಟ್ ಇಟ್."

"ರಿಯಲಿ, ಅಂಕಲ್? ಒಡೆದೋದ್ರೆ?" ಅವಳ ಬಾಯಿಂದ ಕನ್ನಡ ಬಂದದ್ದು ಅಪರೂಪ.

"ಒಡೆದೋದ್ರೆ ಮತ್ತೆ ಹಾಕ್ಸೋಣ."

ಕಣ್ಣು ಮುಚ್ಚಿಕೊಂಡು ಕೋಲೆತ್ತಿ ಹೊಡೆದ. ಆರು ಅಂಗಾಲುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಕಿಟಕಿಯ ಗಾಜು ನಡುಗಿತು. ಪ್ರಶಾಂತ್ ಕಣ್ಣು ಬಿಟ್ಟು ಮೊದಲು ನೆಲವನ್ನು ನೋಡಿದ, ಆಮೇಲೆ ಮಕ್ಕಳನ್ನು.

"ಇನ್ನೊಂದ್ಸಲ," ಎಂದೆ.